ಒದೆಯದ ಕೋವಿ

ಜಾತ್ರೆಯಲ್ಲಿ ಬಲೂನು ಹೊಡೆಸುವ ಅಂಗಡಿಯ ಏರ್ ಗನ್ ನಿಮಗೆಲ್ಲ ಗೊತ್ತು. ನಳಿಗೆಯನ್ನು ಮಡಚಿ, ಸೀಸದ ಪುಟ್ಟ ಗುಂಡೊಂದನ್ನು ಇಟ್ಟು, ಮತ್ತೆ ನೆಟ್ಟಗೆ ಮಾಡಿ ಕುದುರೆ ಎಳೆದರೆ ಟಪ್ಪೆಂದು ಸದ್ದು. ಬಲೂನು ಒಡೆದರೆ ಕೈಚಳಕ, ಒಡೆಯದಿದ್ದರೆ ನಳಿಗೆ ಸೊಟ್ಟ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವು ನಗುತ್ತೇವೆ. ಆದರೆ ಗಾಳಿ ಕೋವಿಯ ವಿಷಯದಲ್ಲಿ ಈ ಗಾದೆಯನ್ನು ಅಷ್ಟು ಸಲೀಸಾಗಿ ಎಸೆಯುವಂತಿಲ್ಲ. ಬಹಳ ಕಾಲ ಅಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಒಲಿಂಪಿಕ್ಸ್‌ನಲ್ಲಿ ಇಂದು ಬಳಸುವ 10 ಮೀಟರ್ ಏರ್ ರೈಫಲ್ ಆ ಡೊಂಕನ್ನು ಸುಮಾರು ಅರವತ್ತು ವರ್ಷಗಳಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿದ್ದುತ್ತಾ ಬಂದಿದೆ. ಇಷ್ಟು ವರ್ಷಗಳಲ್ಲಿ ಅದರ ಬಲ ಮಾತ್ರ ಹೆಚ್ಚಿಲ್ಲ. ಇಂದಿನ ಸ್ಪರ್ಧಾ ರೈಫಲ್‌ನಿಂದ ಗುಂಡು ಸೆಕೆಂಡಿಗೆ 170ರಿಂದ 175 ಮೀಟರ್ ವೇಗದಲ್ಲಿ ಹೊರಡುತ್ತದೆ. 1970ರ ದಶಕದ ಹೆಸರಾಂತ ಸ್ಪ್ರಿಂಗ್ ರೈಫಲ್‌ಗಳ ವೇಗ ಇದಕ್ಕಿಂತ ಒಂದಿಷ್ಟು ಹೆಚ್ಚೇ ಇತ್ತು. ಕಾರು, ಕಂಪ್ಯೂಟರು, ಕ್ರಿಕೆಟ್ ಬ್ಯಾಟು ಎಲ್ಲವೂ ಬಲವನ್ನೇ ಬೆನ್ನಟ್ಟಿ ಓಡಿದ ಕಾಲದಲ್ಲಿ ಈ ಒಂದು ಯಂತ್ರ ಸುಮ್ಮನಿರುವುದನ್ನು ಕಲಿಯುತ್ತಾ ಹೋಯಿತು. ಅದು ಹೇಗೆ, ಮತ್ತು ಅದರಿಂದ ಆಟಕ್ಕೆ ಲಾಭವಾಯಿತೇ ನಷ್ಟವಾಯಿತೇ ಎಂಬುದು ಈ ಹೊತ್ತಿನ ಮಾತು.

ಮೊದಲು ಗುರಿಯ ಅಳತೆ ನೋಡೋಣ. ಹತ್ತು ಮೀಟರ್ ದೂರದಲ್ಲಿರುವ ಗುರಿಯಲ್ಲಿ ಒಂದು ಅಂಕದ ಹೊರ ಉಂಗುರದ ವ್ಯಾಸವೇ 45.5 ಮಿಲಿಮೀಟರ್, ದೊಡ್ಡದೊಂದು ನಿಂಬೆಹಣ್ಣಿನಷ್ಟು. ನಡುವೆ ಇರುವ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್. ಗುಂಡಿನ ವ್ಯಾಸ 4.5 ಮಿಲಿಮೀಟರ್. ಗುಂಡಿನ ಅಂಚು ಚುಕ್ಕಿಯನ್ನು ಸೋಕಿದರೂ ಹತ್ತು ಸಿಗುತ್ತದೆ. ಅಂದರೆ ಗುಂಡಿನ ನಡುಭಾಗ ಗುರಿಯ ನಡುಭಾಗದಿಂದ ಎರಡೂವರೆ ಮಿಲಿಮೀಟರಿನೊಳಗೆ ಬೀಳಬೇಕು. ಇದನ್ನು ಶೂಟರ್ ಕೈಯಲ್ಲಿರುವ ರೈಫಲ್‌ಗೆ ಇಳಿಸಿ ಲೆಕ್ಕ ಹಾಕಿ. ಒಂದು ಮೀಟರ್ ಉದ್ದದ ರೈಫಲ್‌ನ ತುದಿ ಕಾಲು ಮಿಲಿಮೀಟರ್, ಅಂದರೆ ಎರಡು ಮೂರು ಹಾಳೆ ಕಾಗದದ ದಪ್ಪದಷ್ಟು ಸರಿದರೆ ಹತ್ತು ಹೋಗಿ ಒಂಬತ್ತಾಗುತ್ತದೆ. ಈಗ ಅಂಕಗಳನ್ನು ದಶಾಂಶದಲ್ಲಿ ಎಣಿಸುತ್ತಾರೆ; ಅತ್ಯುತ್ತಮ ಹೊಡೆತಕ್ಕೆ 10.9. ಒಂದೊಂದು ದಶಾಂಶವೂ ಗುರಿಯ ಮೇಲೆ ಕಾಲು ಮಿಲಿಮೀಟರ್. ನಳಿಗೆಯ ತುದಿಯಲ್ಲಿ ಅದು ತಲೆಗೂದಲಿನ ದಪ್ಪದ ಅರ್ಧವೂ ಆಗುವುದಿಲ್ಲ. ಇಷ್ಟು ಸೂಕ್ಷ್ಮವಾದ ಕೆಲಸವನ್ನು ನಿಂತುಕೊಂಡು, ಯಾವ ಆಸರೆಯೂ ಇಲ್ಲದೆ, ಐದೂವರೆ ಕಿಲೋ ಮೀರದ ತೂಕವೊಂದನ್ನು ಹಿಡಿದು ಮಾಡಬೇಕು. ಎದೆ ಬಡಿತವೂ ಎಣಿಕೆಗೆ ಬರುವ ಆಟ ಇದು.

ಈಗ ಜಾತ್ರೆಯ ಕೋವಿಗೆ ಮರಳೋಣ. ಅದರೊಳಗೆ ಬಲವಾದ ಸ್ಪ್ರಿಂಗ್ ಒಂದು ಮುದುಡಿಕೊಂಡು ಕೂತಿರುತ್ತದೆ. ಕುದುರೆ ಎಳೆದೊಡನೆ ಅದು ಭಾರದ ಪಿಸ್ಟನ್ನನ್ನು ಮುಂದಕ್ಕೆ ದಬ್ಬುತ್ತದೆ. ಪಿಸ್ಟನ್ ಮುಂದೆ ನುಗ್ಗಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಮರುಕ್ಷಣ ಪಿಸ್ಟನ್ನು ತನ್ನ ಮುಂದೆ ಒತ್ತಿಹೋದ ಗಾಳಿಗೆ ಬಡಿದು ನಿಲ್ಲುತ್ತದೆ. ಆಗ ಕೋವಿ ಮುಂದಕ್ಕೆ ಜಗ್ಗುತ್ತದೆ. ಸಿಡಿಮದ್ದಿನ ಬಂದೂಕು ಒಂದೇ ಕಡೆಗೆ ಒದ್ದರೆ ಇದು ಎರಡು ಕಡೆಗೂ ಒದೆಯುತ್ತದೆ. ಕೆಟ್ಟದ್ದೆಂದರೆ ಈ ಒದೆತದ ಹೊತ್ತಿಗೆ ಗುಂಡು ಇನ್ನೂ ನಳಿಗೆಯೊಳಗೇ ಇರುತ್ತದೆ. ಕುದುರೆ ಬಿಟ್ಟಲ್ಲಿಂದ ಗುಂಡು ಹೊರಬೀಳುವವರೆಗೆ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಕಾಲ ಹೋಗುತ್ತದೆ. ನಮಗೆ ಅದು ಲೆಕ್ಕಕ್ಕಿಲ್ಲದ ಕಾಲ. ಕೂದಲೆಳೆಯ ಲೆಕ್ಕ ನಡೆಯುವ ಈ ಆಟದಲ್ಲಿ ಅದೊಂದು ಯುಗ. ಶೂಟರ್ ರೈಫಲ್ಲನ್ನು ಒಂದು ಸಲ ಬಿಗಿಯಾಗಿ, ಇನ್ನೊಂದು ಸಲ ಸಡಿಲವಾಗಿ ಹಿಡಿದರೆ ಸಾಕು. ಒದೆತದ ದಿಕ್ಕು ಬೇರೆಯಾಗುತ್ತದೆ, ಗುಂಡಿನ ದಾರಿಯೂ ಬೇರೆಯಾಗುತ್ತದೆ. ಗುರಿ ಸರಿಯಿದ್ದೂ ಹೊಡೆತ ತಪ್ಪಬಹುದಾಗಿದ್ದ ಕಾಲ ಅದು. ನೆಲ ಡೊಂಕು ಎಂದವಳ ಮಾತಿನಲ್ಲಿ ಹುರುಳಿತ್ತು.

ಈ ಡೊಂಕನ್ನು ತಿದ್ದುವ ಕೆಲಸ ಮುಖ್ಯವಾಗಿ ನಡೆದದ್ದು ಜರ್ಮನಿಯಲ್ಲಿ. ಅದಕ್ಕೊಂದು ಕಾರಣವಿದೆ. ಎರಡನೇ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ಬಂದೂಕು ತಯಾರಿಸುವುದನ್ನು ಗೆದ್ದ ರಾಷ್ಟ್ರಗಳು ನಿಲ್ಲಿಸಿದವು. ಓಬರ್ನ್‌ಡಾರ್ಫ್ ಊರಿನ ಮೌಸರ್ ಕಾರ್ಖಾನೆಯನ್ನು ಫ್ರೆಂಚರು ಕಳಚಿಹಾಕಿದರು. ಪೂರ್ವದ ಝೆಲ್ಲಾ-ಮೇಲಿಸ್ ಊರಲ್ಲಿದ್ದ ವಾಲ್ಟರ್ ಮತ್ತು ಆನ್‌ಶುಟ್ಸ್ ಮನೆತನಗಳು ಪಶ್ಚಿಮದ ಉಲ್ಮ್ ಪಟ್ಟಣಕ್ಕೆ ಬಂದು ಹೊಸದಾಗಿ ನೆಲೆ ಹುಡುಕಿಕೊಂಡವು. ಕಸುಬುಗಾರರು ಇದ್ದರು, ಕಸುಬು ಇರಲಿಲ್ಲ. ಬಂದೂಕಿನ ಮೇಲೆ ನಿರ್ಬಂಧವಿದ್ದಲ್ಲಿ ಗಾಳಿ ಕೋವಿಗೆ ಮೊದಲು ಬಾಗಿಲು ತೆರೆಯಿತು. ಯುದ್ಧಾಯುಧ ತಿದ್ದಿದ ಕೈಗಳೇ ಹೀಗೆ ಆಟದ ಸಾಮಾನಿಗೆ ಇಳಿದವು. ಮೌಸರ್‌ನಲ್ಲಿ ಕೆಲಸ ಮಾಡಿದ್ದ ಕಾರ್ಲ್ ವೆಸ್ಟಿಂಗರ್ ಮತ್ತು ಎರ್ನ್ಸ್ಟ್ ಆಲ್ಟೆನ್‌ಬರ್ಗರ್ ಅದೇ ಓಬರ್ನ್‌ಡಾರ್ಫ್‌ನಲ್ಲಿ ಕಟ್ಟಿದ ಸಂಸ್ಥೆಯೇ ಫೈನ್‌ವೆರ್ಕ್‌ಬೌ. ಹೆಸರಿನ ಅರ್ಥವೇ ಸೂಕ್ಷ್ಮ ಯಂತ್ರ ನಿರ್ಮಾಣ.

ಒದೆತಕ್ಕೆ ಅವರು ಹುಡುಕಿದ ಮದ್ದುಗಳು ಒಂದಕ್ಕಿಂತ ಒಂದು ಚೆನ್ನ. ರಾಸ್ಟಾಟ್‌ನ ಡಯಾನಾ ಕಾರ್ಖಾನೆ ಕುರ್ಟ್ ಗಿಸ್ ಎಂಬಾತನ ಉಪಾಯ ಹಿಡಿಯಿತು: ಒಂದರ ಬದಲು ಎರಡು ಪಿಸ್ಟನ್. ಒಂದು ಮುಂದೆ ನುಗ್ಗುವಾಗ ಇನ್ನೊಂದು ಅಷ್ಟೇ ಜೋರಾಗಿ ಹಿಂದಕ್ಕೆ ಹೋಗುತ್ತದೆ, ಹಲ್ಲಿನ ಚಕ್ರ ಎರಡನ್ನೂ ಒಂದೇ ತಾಳಕ್ಕೆ ಕಟ್ಟಿಹಾಕುತ್ತದೆ. ಎರಡು ಒದೆತಗಳು ಒಂದನ್ನೊಂದು ನುಂಗಿಬಿಡುತ್ತವೆ. ಆನ್‌ಶುಟ್ಸ್ ತನ್ನ 250ನೇ ಮಾದರಿಯಲ್ಲಿ ಎಣ್ಣೆಯ ಡ್ಯಾಂಪರ್ ಇಟ್ಟು ಹೊಡೆತವನ್ನು ಮೆತ್ತಗಾಗಿಸಿತು. ಫೈನ್‌ವೆರ್ಕ್‌ಬೌ ಒದೆತವನ್ನು ತಡೆಯುವ ಗೋಜಿಗೇ ಹೋಗಲಿಲ್ಲ. ಒದೆಯಲಿ, ಆದರೆ ಶೂಟರ್‌ಗೆ ತಾಗದಿರಲಿ ಎಂದಿತು. ಅದರ 150 ಮತ್ತು 300ನೇ ಮಾದರಿಗಳಲ್ಲಿ ನಳಿಗೆ, ಸ್ಪ್ರಿಂಗು, ಪಿಸ್ಟನ್ನು ಎಲ್ಲ ಸೇರಿದ ಇಡೀ ಮೈ ಮರದ ಹಿಡಿಕೆಯೊಳಗೆ ಹಳಿಗಳ ಮೇಲೆ ಕೂತಿತ್ತು. ಕುದುರೆ ಎಳೆದ ಗಳಿಗೆಗೆ ಆ ಮೈ ಹಳಿಯ ಮೇಲೆ ಹಿಂದಕ್ಕೆ ಜಾರುತ್ತದೆ, ಭುಜಕ್ಕೆ ಒತ್ತಿಕೊಂಡ ಮರ ಅಲುಗುವುದಿಲ್ಲ. ತೊಟ್ಟಿಲು ತೂಗಿದರೂ ತೊಲೆ ಅಲ್ಲಾಡದ ಹಾಗೆ. ನನ್ನನ್ನು ಕೇಳಿದರೆ ಇಡೀ ಕಥೆಯಲ್ಲಿ ಇದೇ ಅತ್ಯಂತ ಜಾಣತನದ ಹೆಜ್ಜೆ. ಈಚಿನ ಯಂತ್ರಗಳು ಇದಕ್ಕಿಂತ ನುಣುಪಾಗಿರಬಹುದು. ಇಷ್ಟು ಸರಳವಾದ ಯೋಚನೆ ಮತ್ತೆ ಬರಲಿಲ್ಲ. 1966ರಲ್ಲಿ ವೀಸ್‌ಬಾಡೆನ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ 10 ಮೀಟರ್ ಏರ್ ರೈಫಲ್ ಸೇರಿತು. ಈ ಒದೆಯದ ಕೋವಿಗಳು ಬರದೇ ಇದ್ದಿದ್ದರೆ ಗಾಳಿ ಕೋವಿಯನ್ನು ಹುಡುಗರ ಆಟಿಕೆ ಎಂದು ಬದಿಗಿಡುತ್ತಿದ್ದವರೇ ಹೆಚ್ಚು.

ಆದರೆ ಒದೆತವನ್ನು ಬಚ್ಚಿಟ್ಟರೆ ಅದು ಇಲ್ಲವಾಗುವುದಿಲ್ಲ. ಪಿಸ್ಟನ್ ಓಡುವಷ್ಟು ಕಾಲ ಗುಂಡು ಕಾಯಲೇಬೇಕು, ಆ ಹೊತ್ತಿನಲ್ಲಿ ಕೈ ನಡುಗಬಹುದು. ಆದ್ದರಿಂದ ಮುಂದಿನ ಪ್ರಶ್ನೆ: ಹೊಡೆಯುವ ಗಳಿಗೆಯಲ್ಲಿ ಗಾಳಿಯನ್ನು ಒತ್ತುವುದೇಕೆ, ಮೊದಲೇ ಒತ್ತಿಟ್ಟುಕೊಂಡರಾಗದೆ? 1970ರ ದಶಕದ ನಡುವೆ ವಾಲ್ಟರ್ ಎಲ್‌ಜಿಆರ್, 1980ರ ದಶಕದಲ್ಲಿ ಫೈನ್‌ವೆರ್ಕ್‌ಬೌ 600 ಈ ದಾರಿ ಹಿಡಿದವು. ಪಕ್ಕದ ಸನ್ನೆಯನ್ನು ಒಮ್ಮೆ ಎಳೆದು ಮುಚ್ಚಿದರೆ ಒಂದು ಹೊಡೆತಕ್ಕೆ ಬೇಕಾದ ಗಾಳಿ ಒಳಗೆ ಸಿದ್ಧ. ಕುದುರೆ ಎಳೆದಾಗ ಪುಟ್ಟ ಕವಾಟವೊಂದು ತೆರೆಯುತ್ತದೆ, ಅಷ್ಟೇ. ಭಾರದ ಪಿಸ್ಟನ್ ಓಡುವುದೂ ಇಲ್ಲ, ಬಡಿಯುವುದೂ ಇಲ್ಲ. ಉಳಿದ ತೊಂದರೆ ಒಂದೇ: ಒಂದೊಂದು ಗುಂಡಿಗೂ ಸನ್ನೆ ಎಳೆಯಬೇಕು. ಗುರಿ ಹಿಡಿಯುವ ತೋಳೇ ಅರವತ್ತು ಸಲ ಪಂಪು ಹೊಡೆದರೆ ಕೊನೆಕೊನೆಗೆ ದಣಿಯದೆ ಇರುತ್ತದೆಯೇ? ಅದಕ್ಕೆ ಪರಿಹಾರವೆಂದು ಸೋಡಾದಲ್ಲಿ ಗುಳ್ಳೆ ಎಬ್ಬಿಸುವ ಕಾರ್ಬನ್ ಡೈಆಕ್ಸೈಡನ್ನು ಸಿಲಿಂಡರಿನಲ್ಲಿ ದ್ರವವಾಗಿ ತುಂಬಿ ಬಳಸಿದರು. ಸೊಗಸಾದ ಉಪಾಯ, ತಂಪು ದೇಶಕ್ಕೆ. ಆ ಅನಿಲದ ಒತ್ತಡ ಹವೆಯ ಬಿಸಿಯೊಂದಿಗೆ ಏರುತ್ತದೆ: 20 ಡಿಗ್ರಿಯಲ್ಲಿ ಸುಮಾರು 57 ಬಾರ್, 30 ಡಿಗ್ರಿಯಲ್ಲಿ 70 ದಾಟುತ್ತದೆ. 31 ಡಿಗ್ರಿ ಮೀರಿದರೆ ದ್ರವ, ಅನಿಲ ಎಂಬ ಭೇದವೇ ಉಳಿಯದು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಬೆಳಿಗ್ಗೆ ಹೊಂದಿಸಿದ ರೈಫಲ್ ಮಧ್ಯಾಹ್ನಕ್ಕೆ ಬೇರೆಯದೇ ರೈಫಲ್ ಆದೀತು. ನೆಲವನ್ನು ಸಮ ಮಾಡಲು ಹೋಗಿ ಆಕಾಶವನ್ನು ಡೊಂಕು ಮಾಡಿಕೊಂಡಂತಾಯಿತು.

ಹೀಗೆ ಸುತ್ತಿ ಬಳಸಿ 1990ರ ದಶಕದ ಕೊನೆಯ ಹೊತ್ತಿಗೆ ಎಲ್ಲರೂ ಬಂದು ನಿಂತದ್ದು ಬರೀ ಗಾಳಿಯ ಹತ್ತಿರ. ನಳಿಗೆಯ ಕೆಳಗಿರುವ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ನಿಮ್ಮ ಕಾರಿನ ಟೈರಿನಲ್ಲಿರುವುದಕ್ಕಿಂತ ಹೆಚ್ಚು ಕಡಿಮೆ ನೂರು ಪಟ್ಟು. ರೆಗ್ಯುಲೇಟರ್ ಅದನ್ನು ಇಳಿಸಿ, ಅಳೆದು, ಪ್ರತಿ ಹೊಡೆತಕ್ಕೂ ಒಂದೇ ಅಳತೆಯಲ್ಲಿ ಬಿಡುತ್ತದೆ. ಇದನ್ನು ಹೊಸ ಶೋಧ ಎನ್ನುವವರಿಗೆ ಒಂದು ಮಾತು ನೆನಪಿಸಬೇಕು. ಆಸ್ಟ್ರಿಯಾದ ಸೈನ್ಯ 1780ರ ಸುಮಾರಿಗೇ ಗಿರಾಂದೋನಿ ಎಂಬ ಗಾಳಿ ಕೋವಿಯನ್ನು ಬಳಸುತ್ತಿತ್ತು. ಅದರ ಹಿಂಬದಿಯ ಹಿಡಿಕೆಯೇ ಗಾಳಿಯ ತೊಟ್ಟಿ. ಅದನ್ನು ತುಂಬಲು ಸುಮಾರು ಸಾವಿರದೈನೂರು ಸಲ ಪಂಪು ಹೊಡೆಯಬೇಕಿತ್ತು. ಅಮೆರಿಕದ ಪಶ್ಚಿಮವನ್ನು ಅರಸಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಬಳಿಯೂ ಅಂಥದೊಂದು ಇತ್ತು. ತತ್ತ್ವ ಇನ್ನೂರು ವರ್ಷ ಹಳೆಯದು. ಸೋರದ ಸಿಲಿಂಡರು, ಕೈಕೊಡದ ಕವಾಟ, ತಪ್ಪದ ರೆಗ್ಯುಲೇಟರು ಮಾತ್ರ ಹೊಸವು. ಆಮೇಲೆ ಉಳಿದದ್ದು ಚಿಲ್ಲರೆ ಬಾಕಿ. ಗಾಳಿ ನುಗ್ಗಿದಾಗಿನ ಸಣ್ಣ ಕಂಪನವನ್ನೂ ಹೀರಲು ಫೈನ್‌ವೆರ್ಕ್‌ಬೌ ತನ್ನ ಪಿ70 ಮಾದರಿಯೊಳಗೆ ಎದುರು ದಿಕ್ಕಿಗೆ ಚಲಿಸುವ ತೂಕವೊಂದನ್ನು ಇಟ್ಟಿತು. ಮರದ ಹಿಡಿಕೆಯ ಜಾಗಕ್ಕೆ ಕೆನ್ನೆ, ಭುಜ, ಅಂಗೈಗಳಿಗೆ ತಕ್ಕಂತೆ ಹೊಂದಿಸಬಹುದಾದ ಅಲ್ಯುಮಿನಿಯಂ ಬಂತು. ಗುಂಡುಗಳನ್ನೂ ತಲೆಯ ಅಳತೆಯಲ್ಲಿ ನೂರನೇ ಒಂದು ಮಿಲಿಮೀಟರಿನ ವ್ಯತ್ಯಾಸದಂತೆ ಬೇರೆ ಬೇರೆ ಡಬ್ಬಿಗಳಲ್ಲಿ ಮಾರುತ್ತಾರೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಎಲ್ಲವನ್ನೂ ಯಂತ್ರವೇ ಮಾಡಿದರೆ ಮನುಷ್ಯನಿಗೆ ಏನು ಉಳಿಯಿತು? ಅಂಕಗಳು ಏರಿದ್ದನ್ನು ನೋಡಿದರೆ ಈ ಮಾತು ನಿಜವೆನಿಸುತ್ತದೆ. 1989ರಲ್ಲಿ ಹತ್ತರ ಚುಕ್ಕಿಯನ್ನು ಒಂದು ಮಿಲಿಮೀಟರಿನಿಂದ ಅರ್ಧಕ್ಕೆ ಇಳಿಸಿದರು. ಆದರೂ 2000ದಲ್ಲಿ ಥಾಯ್ಲೆಂಡಿನ ತೇವರಿತ್ ಮಜ್ಚಾಚೀಪ್ 600ಕ್ಕೆ 600 ಹೊಡೆದರು, 2002ರಲ್ಲಿ ದಕ್ಷಿಣ ಕೊರಿಯಾದ ಸಿಯೋ ಸನ್-ಹ್ವಾ ಮಹಿಳೆಯರ 400ಕ್ಕೆ 400 ಹೊಡೆದರು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಅದೇ 400 ಮುಟ್ಟಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಗಗನ್ ನಾರಂಗ್ 2008ರಲ್ಲಿ ಬ್ಯಾಂಕಾಕ್‌ನಲ್ಲಿ 600 ಮುಟ್ಟಿದರು. ತುಂಬಿದ ಕೊಡಕ್ಕೆ ಇನ್ನೇನು ಹಾಕುವುದು? 2013ರಿಂದ ಅರ್ಹತಾ ಸುತ್ತನ್ನೂ ದಶಾಂಶದಲ್ಲೇ ಎಣಿಸತೊಡಗಿದರು. ಆದರೆ ಈ ಏರಿಕೆಯನ್ನು ಕೋವಿಯ ಖಾತೆಗೆ ಪೂರ್ತಿ ಬರೆಯುವುದು ತಪ್ಪು. ಹಳಿಯ ಮೇಲೆ ಜಾರುತ್ತಿದ್ದ ಹಳೆಯ ರೈಫಲ್ಲನ್ನು ಇಕ್ಕಳದಲ್ಲಿ ಬಿಗಿದು ಹೊಡೆದರೆ ಅದೂ ಹತ್ತರ ಮೇಲೆ ಹತ್ತು ಹೊಡೆಯಬಲ್ಲದು. ಕೋವಿಯ ನಿಖರತೆ ಮೊದಲಿನಿಂದಲೂ ಮನುಷ್ಯನಿಗಿಂತ ಮುಂದೆಯೇ ಇತ್ತು. ಎಂಜಿನಿಯರುಗಳು ತಿದ್ದಿದ್ದು ಕೋವಿ ಮನುಷ್ಯನ ಕೈಗೆ ಬಂದಾಗ ಅವನ ಮೇಲೆ ಮಾಡುತ್ತಿದ್ದ ಕಿತಾಪತಿಯನ್ನು.

ಇದಕ್ಕೆ ಸಾಕ್ಷಿ ಬೇಕಾದರೆ ದೊಡ್ಡ ಫೈನಲ್‌ಗಳನ್ನು ನೋಡಿ. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹ್ಯಾಕಿನೆನ್ ಕೊನೆಯ ಗುಂಡಿನ ಮುನ್ನ ಸಮಸಮ. ಬಿಂದ್ರಾ 10.8 ಹೊಡೆದು 700.5ಕ್ಕೆ ಚಿನ್ನ ಗೆದ್ದರು, ಹ್ಯಾಕಿನೆನ್ 9.7 ಹೊಡೆದು ಮೂರನೆಯವರಾದರು. ಅರವತ್ತೊಂಬತ್ತನೆಯ ಗುಂಡಿನ ಹೊತ್ತಿಗೆ ಬಿಂದ್ರಾಗೆ ಸರಿಸಮನಾಗಿ ನಿಂತಿದ್ದ ಹ್ಯಾಕಿನೆನ್ ಅವರ ರೈಫಲ್ ಎಪ್ಪತ್ತನೆಯದಕ್ಕೆ ಬದಲಾಗಿರಲಿಲ್ಲ. 2024ರ ಪ್ಯಾರಿಸ್‌ನಲ್ಲಿ ಕೊರಿಯಾದ ಹದಿನಾರು ವರ್ಷದ ಬಾನ್ ಹ್ಯೋ-ಜಿನ್ ಮತ್ತು ಚೀನಾದ ಹುವಾಂಗ್ ಯುಟಿಂಗ್ ಇಬ್ಬರೂ 251.8. ಟೈ ಮುರಿಯುವ ಒಂದೇ ಗುಂಡಿನಲ್ಲಿ 10.4ಕ್ಕೆ 10.3, ಕಾಲು ಮಿಲಿಮೀಟರಿನಲ್ಲಿ ಚಿನ್ನ ಬೆಳ್ಳಿ ಬೇರೆಯಾದವು. ಒದೆಯುವ ಕೋವಿಯ ಕಾಲದಲ್ಲಿ ಇಂಥ ಅಂತರ ಬಂದಿದ್ದರೆ ಅದನ್ನು ಕೋವಿಯ ಗುಣವೆಂದೋ ಅದೃಷ್ಟವೆಂದೋ ಹೇಳಬೇಕಾಗುತ್ತಿತ್ತು. ಈಗ ಹಾಗೆ ಹೇಳಲು ಬರುವುದಿಲ್ಲ. ನೆಲ ಸಮವಾದ ಮೇಲೆಯೇ ಕುಣಿತದ ತಪ್ಪು ಒಪ್ಪು ಕಾಣುವುದು.

ಎರಡನೆಯ ಆಕ್ಷೇಪ ಹಣದ್ದು. ಇದನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಲಾಗದು. ಹೊರದೇಶದ ರೈಫಲ್, ದಪ್ಪ ಜಾಕೆಟ್, ಪ್ಯಾಂಟ್, ಬೂಟು, ಬೊಗಸೆಯಷ್ಟೇ ಆದರೂ ದುಬಾರಿಯಾದ ಗುಂಡುಗಳು, ಗಾಳಿ ತುಂಬಲು ಕಂಪ್ರೆಸರ್ ಎಲ್ಲ ಸೇರಿದರೆ ಸಾಮಾನ್ಯ ಮನೆಯ ಮಗುವಿಗೆ ಬಾಗಿಲು ಕಿರಿದೇ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವವನಿಗೆ ಮನೆಯ ಕೋವಿ ಸಾಕು, ಇಲ್ಲಿ ಸಾಲದು. ನೆಲ ಸಮ ಮಾಡಿದ್ದೇನೋ ಸರಿ, ಆದರೆ ಆ ಅಂಗಳಕ್ಕೆ ಪ್ರವೇಶದರ ಇಟ್ಟಂತಾಯಿತಲ್ಲ ಎಂಬುದು ನ್ಯಾಯವಾದ ಮಾತು. ಹಾಗಾದರೆ ಎಲ್ಲರಿಗೂ ಸ್ಪ್ರಿಂಗ್ ಕೋವಿಯನ್ನೇ ಕೊಟ್ಟುಬಿಡೋಣ ಎನ್ನುವವರಿದ್ದಾರೆ. ಅದರಿಂದ ಖರ್ಚು ಇಳಿಯಬಹುದು, ನ್ಯಾಯ ಹೆಚ್ಚುವುದಿಲ್ಲ. ಒದೆಯುವ ಕೋವಿಗಳಲ್ಲಿ ಒಂದು ಇನ್ನೊಂದರಂತೆ ಇರುವುದಿಲ್ಲ, ಒಳ್ಳೆಯದು ಸಿಕ್ಕವನೇ ಗೆಲ್ಲುತ್ತಾನೆ. ಅಮೆರಿಕದ ಶಾಲಾಮಕ್ಕಳ ಮೂರು ಭಂಗಿಯ ಏರ್ ರೈಫಲ್ ಸ್ಪರ್ಧೆಗಳು ಇದಕ್ಕಿಂತ ಒಳ್ಳೆಯ ದಾರಿ ತೋರಿಸಿವೆ. ಅಲ್ಲಿ ‘ಸ್ಪೋರ್ಟರ್’ ಎಂಬ ಪ್ರತ್ಯೇಕ ವಿಭಾಗವಿದೆ: ಬೆಲೆಯ ಮಿತಿಯೊಳಗಿನ ರೈಫಲ್‌ಗಳ ಪಟ್ಟಿಯಿಂದಲೇ ಆರಿಸಬೇಕು, ವಿಶೇಷ ಜಾಕೆಟ್ ತೊಡುವಂತಿಲ್ಲ. ನಮ್ಮಲ್ಲೂ ರಾಷ್ಟ್ರೀಯ ನಿಯಮದಡಿ ತೆರೆದ ಗುರಿನೋಟದ ಏರ್ ರೈಫಲ್‌ಗೆ ಬೇರೆ ವಿಭಾಗವಿದೆ. ಅಂಥ ವಿಭಾಗಗಳನ್ನು ಕೆಳದರ್ಜೆಯೆಂದು ನೋಡದೆ ಜಿಲ್ಲೆ ಜಿಲ್ಲೆಗೆ ಹರಡಬೇಕು.

ಇನ್ನೊಂದು ಮಾತಿದೆ. ಕೋವಿ ಸುಮ್ಮನಾದ ಮೇಲೆ ಡೊಂಕು ತಿದ್ದುವವರ ಕಣ್ಣು ಮನುಷ್ಯನ ಮೈಮೇಲೆ ಬಿತ್ತು. ಬೆನ್ನನ್ನು ಬಿಗಿಯಾಗಿ ಹಿಡಿಯುವ ಕ್ಯಾನ್ವಾಸ್ ಮತ್ತು ಚರ್ಮದ ಜಾಕೆಟ್ಟು ದಪ್ಪವಾಗುತ್ತಾ, ಗಡುಸಾಗುತ್ತಾ ಹೋಯಿತು. ಇಲ್ಲಿ ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಅಡ್ಡಗಟ್ಟಿದ್ದು ಸರಿಯಾಗಿಯೇ ಇದೆ: ಬಟ್ಟೆಯ ದಪ್ಪ 2.5 ಮಿಲಿಮೀಟರ್ ಮೀರಬಾರದು. ಅದು ಎಷ್ಟು ಬಾಗುತ್ತದೆಂದು ಉಪಕರಣ ಒತ್ತಿ ಅಳೆದಾಗ ಕನಿಷ್ಠ 3 ಮಿಲಿಮೀಟರ್ ತಗ್ಗಬೇಕು. ಕೋವಿಯ ಒದೆತವನ್ನು ತೆಗೆಯಬಹುದು, ಕೈಯ ನಡುಕವನ್ನು ತೆಗೆಯಬಾರದು ಎಂಬುದು ಈ ನಿಯಮದ ಒಳಗುಟ್ಟು. ಒದೆತ ಯಂತ್ರದ ದೋಷ, ನಡುಕವೇ ಆಟದ ಜೀವ. ಗೆರೆ ಎಳೆಯಬೇಕಾದದ್ದು ಅಲ್ಲೇ, ಎಳೆದದ್ದೂ ಅಲ್ಲೇ.

ಈ ಚರಿತ್ರೆಯಿಂದ ಮನೆಗೊಂದು ಉಪಯೋಗದ ಮಾತು ಹೊರಡುತ್ತದೆ. ನಿಮ್ಮ ಮನೆಯ ಮಗಳೋ ಮಗನೋ ಗುರಿ ಕಲಿಯುತ್ತೇನೆಂದು ಹಟ ಹಿಡಿದರೆ ಮೊದಲ ದಿನವೇ 200 ಬಾರಿನ ಹೊಸ ರೈಫಲ್‌ಗೆ ಸಾಲ ಮಾಡಬೇಡಿ. ನಳಿಗೆ ಚೆನ್ನಾಗಿರುವ, ಪಕ್ಕದಲ್ಲಿ ಸನ್ನೆಯಿರುವ ಹಳೆಯ ಸ್ಪರ್ಧಾ ರೈಫಲ್ ಸಿಕ್ಕರೆ ಮೊದಲೆರಡು ವರ್ಷಕ್ಕೆ ಧಾರಾಳವಾಯಿತು. ಉಳಿದ ಹಣ ಗುಂಡಿಗೂ ಒಳ್ಳೆಯ ತರಬೇತಿಗೂ ಹೋಗಲಿ. ಸಿಲಿಂಡರಿನ ರೈಫಲ್ಲನ್ನೇ ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಬಣ್ಣ, ಹೊಳಪು ನೋಡುವ ಮೊದಲು ಸಿಲಿಂಡರಿನ ಮೇಲೆ ಕೆತ್ತಿರುವ ತಾರೀಖನ್ನು ಓದಿ. ಅವಧಿ ಮುಗಿದಿದ್ದರೆ ಅದಕ್ಕೆ ಗಾಳಿ ತುಂಬಿಸಬೇಡಿ.